ಪರದೆಯ ಹಿಂದಕ್ಕೂ ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗೋಣ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,
ಕೊಪ್ಪಳದಿಂದ ಒಬ್ಬ ಡ್ರಾಯಿಂಗ್ ಮಾಸ್ತರನ ನಮಸ್ಕಾರಗಳು.

ವಿಷಯ: ಕಂಪ್ಯೂಟರ್, ಮೊಬೈಲ್, ಎಐ ಇವನ್ನು ಚಿತ್ರಕಲೆ ಮತ್ತು ವಿನ್ಯಾಸದ ದಾರಿಯಲ್ಲಿ ಬಿಚ್ಚಿ ನೋಡಿ, ಪ್ರಶ್ನೆ ಕೇಳಿ ಕಲಿಯಲು ಕೊಪ್ಪಳದ ಸರ್ಕಾರಿ ಕಾಲೇಜಿನಲ್ಲಿ ಒಂದು ಕೋಣೆ ಬೇಕು ಎಂಬ ಬಗ್ಗೆ.

ಹೋದ ವರ್ಷ ಶ್ರಾವಣದಲ್ಲಿ ಅವ್ವನ ಜೊತೆ ರೇಷನ್ ಅಂಗಡಿಗೆ ಹೋಗಿದ್ದೆ. ಅವ್ವನಿಗೆ ಈಗ ಎಪ್ಪತ್ತರ ಹತ್ತಿರ. ಹತ್ತಿ ಬಿಡಿಸಿ, ಭತ್ತದ ನಾಟಿ ಮಾಡಿ, ಕಳೆ ಕಿತ್ತು ಬದುಕು ನಡೆಸಿದವಳು. ಹೆಬ್ಬೆಟ್ಟಿನ ಗೆರೆಗಳು ಸವೆದು ನುಣ್ಣಗಾಗಿವೆ. ಮಷಿನ್ ಮೇಲೆ ಬೆರಳಿಟ್ಟಳು, ಬರಲಿಲ್ಲ. ಸೆರಗಿಗೆ ಒರೆಸಿ ಇಟ್ಟಳು, ಬರಲಿಲ್ಲ. ಹಿಂದೆ ನಿಂತಿದ್ದ ಹೆಣ್ಣುಮಗಳು, "ತಲಿಗೆ ತಿಕ್ಕಿ ಇಡಬೇ ಯವ್ವಾ, ಎಣ್ಣಿ ಜಿಡ್ಡಿಗೆ ಬರ್ತೈತಿ" ಅಂದಳು. ಅದನ್ನೂ ಮಾಡಿದಳು. ಅಂಗಡಿಯವರಿಗೂ ಬೇಜಾರು, ಅವರಾದರೂ ಏನು ಮಾಡಿಯಾರು? ಬೇರೆ ಬೆರಳು, ಮತ್ತೆ ಬೇರೆ ಬೆರಳು. ಕೊನೆಗೆ ಎಡಗೈಯ ನಡುಬೆರಳಿಗೆ ಹಸಿರು ದೀಪ ಬಂತು. ಮನೆಗೆ ಬರುವಾಗ ಅವ್ವ ಆಡಿದ್ದು ಒಂದೇ ಮಾತು: "ನನ್ನ ಕೈಯಾಗ ಏನೋ ದೋಷ ಐತಪ್ಪಾ."

ಈ ಪತ್ರ ಹುಟ್ಟಿದ್ದು ಆ ಮಾತಿನಿಂದ. ಐವತ್ತು ವರ್ಷ ದುಡಿದ ಕೈಯನ್ನು ಒಂದು ಅಂಗೈ ಅಗಲದ ಮಷಿನ್ ಒಪ್ಪಲಿಲ್ಲ. ಅವ್ವ ಮಷಿನ್ ಮೇಲೆ ಅನುಮಾನ ಪಡಲಿಲ್ಲ, ತನ್ನ ಕೈ ಮೇಲೆ ಪಟ್ಟಳು. ಆ ಮಷಿನ್ನನ್ನೂ ಎಲ್ಲೋ ಯಾರೋ ಕೂತು ಮಾಡಿದ್ದಾರೆ. ಬೆರಳು ಹೀಗಿರುತ್ತದೆ ಅಂತ ಅವರು ಒಂದು ಅಂದಾಜು ಹಾಕಿಕೊಂಡಿದ್ದಾರೆ. ಆ ಅಂದಾಜಿನಲ್ಲಿ ಹತ್ತಿ ಬಿಡಿಸುವ ಬೆರಳು ಸೇರಿರಲಿಲ್ಲ. ಇಷ್ಟನ್ನು ಅವ್ವನಿಗೆ ಯಾರೂ ಹೇಳಿಲ್ಲ. ಶಾಲೆಗೆ ಹೋಗುವ ಮೊಮ್ಮಕ್ಕಳಿಗೂ ನಾವು ಹೇಳಿಕೊಡುತ್ತಿಲ್ಲ.

ನಮ್ಮ ಶಾಲೆ ಕಾಲೇಜುಗಳಲ್ಲಿ ಕಂಪ್ಯೂಟರ್ ಪಾಠ ಅಂದರೆ ಯಾವ ಕೀಲಿ ಒತ್ತಿದರೆ ಏನಾಗುತ್ತದೆ ಅನ್ನೋದು. ಡ್ರಾಯಿಂಗ್ ಪಾಠ ಅಂದರೆ ಹೂಕುಂಡ, ಸೂರ್ಯೋದಯ, ಆಗಸ್ಟ್ ಹದಿನೈದಕ್ಕೆ ಬೋರ್ಡ್ ಸಿಂಗಾರ. ಈ ಎರಡೂ ಪೀರಿಯಡ್ ಒಂದನ್ನೊಂದು ಮುಖ ನೋಡುವುದೇ ಇಲ್ಲ. ಎಷ್ಟೋ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರೇ ಇಲ್ಲ, ಆ ಮಾತು ಬೇರೆ. ನಾನು ಕೇಳುತ್ತಿರುವುದು ಈ ಎರಡನ್ನೂ ಒಂದೇ ಕೋಣೆಗೆ ತನ್ನಿ ಅಂತ. ಯಂತ್ರವನ್ನು ಬಳಸಲು ಕಲಿಸಿದಷ್ಟೇ ಅದನ್ನು ನೋಡಲು, ಬಿಚ್ಚಲು, ಚಿತ್ರ ಬರೆಯಲು, ಬೇರೆ ಥರ ಮಾಡಲು ಕಲಿಸಿ ಅಂತ.

ಇದು ನನ್ನ ತಲೆಯಿಂದ ಹೊಸದಾಗಿ ಬಂದ ವಿಚಾರ ಅಲ್ಲ. ಜಗತ್ತಿನ ಹಲವು ಕಡೆ ಕಲಾ ಶಾಲೆಗಳು ಇದನ್ನು ಬಹಳ ದಿನದಿಂದ ಮಾಡುತ್ತಿವೆ. ನನಗೆ ಜಾಸ್ತಿ ಹಿಡಿಸಿದ್ದು ಜಾಯ್ ಬುಲಮ್ವಿನಿ ಅವರ ಕಥೆ. ಅಮೆರಿಕದ ಎಂಐಟಿ ಅನ್ನುವ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಓದುವಾಗ ಅವರು ಒಂದು ಕನ್ನಡಿ ಮಾಡಲು ಹೊರಟಿದ್ದರು. ಕನ್ನಡಿ ಮುಂದೆ ನಿಂತರೆ ನಿಮ್ಮ ಮುಖದ ಮೇಲೆ ಇನ್ನೊಂದು ರೂಪ ಮೂಡಬೇಕು. ಅದೊಂದು ಕಲೆಯ ಕೆಲಸ, ಅಷ್ಟೇ. ಆದರೆ ಅದರೊಳಗಿನ ಮುಖ ಗುರುತಿಸುವ ಸಾಫ್ಟ್‌ವೇರ್‌ಗೆ ಅವರ ಕಪ್ಪು ಮುಖ ಮುಖವಾಗಿಯೇ ಕಾಣಲಿಲ್ಲ. ಬಿಳಿ ಮುಖವಾಡ ಹಾಕಿಕೊಂಡ ಕೂಡಲೇ ಕಂಡಿತು. ಅವರು ಅಲ್ಲಿಗೆ ಬಿಡಲಿಲ್ಲ. 2018ರಲ್ಲಿ ಎಐ ಸಂಶೋಧಕಿ ಟಿಮ್ನಿಟ್ ಗೆಬ್ರು ಅವರ ಜೊತೆ ಸೇರಿ ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವುದರಲ್ಲಿ, ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಹೆಚ್ಚೆಂದರೆ ಶೇಕಡಾ 0.8. ಕಪ್ಪು ಬಣ್ಣದ ಹೆಂಗಸರ ವಿಷಯದಲ್ಲಿ ಶೇಕಡಾ 34.7ರವರೆಗೆ. ಮೂವರಲ್ಲಿ ಒಬ್ಬರು ಅಂದ ಹಾಗಾಯಿತು.

ಇದನ್ನು ನನ್ನ ಹತ್ತಿರ ಕಲಿಯಲು ಬರುವ ಹುಡುಗರಿಗೆ ಹೇಳಿದಾಗ ಒಬ್ಬ ಹುಡುಗಿ ಸುಮ್ಮನೆ ಕೂತಿದ್ದಳು. ಆಮೇಲೆ, "ಸರ, ನಮ್ಮವ್ವ ಅಂಗನವಾಡಿಯಾಗ ಇದಾಳ್ರಿ, ಆಕಿ ದಿನಾ ಇದನ್ನ ಮಾಡ್ತಾಳ್ರಿ" ಅಂದಳು. ನಿಜ. ಗರ್ಭಿಣಿ, ಬಾಣಂತಿಯರು ಮನೆಗೆ ಒಯ್ಯುವ ಆಹಾರಕ್ಕೆ 2025ರಿಂದ ಅಂಗನವಾಡಿಯ ಮೊಬೈಲ್ ಆಪ್‌ಗೆ ಮುಖ ತೋರಿಸಬೇಕು. ರಾಯಚೂರು, ಕೊಪ್ಪಳದ ಬಿಸಿಲಿನಲ್ಲಿ ಬೆಂದ ಮುಖ, ಸೆರಗು ಹೊದ್ದ ಮುಖ, ಬಾಣಂತನದಲ್ಲಿ ಸೊರಗಿದ ಮುಖ. ಆ ಹುಡುಗಿ ತನ್ನ ತಾಯಿಯ ಹತ್ತಿರ ಕೇಳಿಕೊಂಡು ಬಂದು, ಮೊಬೈಲ್ ಕ್ಯಾಮೆರಾ ಮುಂದೆ ಹೆಂಗಸರು ನಿಲ್ಲುವ ರೀತಿಗಳನ್ನು ಬರೆದಳು. ಒಬ್ಬಾಕೆ ಬೆಳಕಿಗೆ ತಿರುಗುತ್ತಾಳೆ. ಒಬ್ಬಾಕೆ ಕುಂಕುಮ ಅಳಿಸುತ್ತಾಳೆ. ಒಬ್ಬಾಕೆ ಕಂಕುಳಲ್ಲಿ ಕೂಸು ಹಿಡಿದು ಕತ್ತು ಮಾತ್ರ ಮುಂದೆ ಚಾಚುತ್ತಾಳೆ. ಒಂಬತ್ತು ಚಿತ್ರ, ಬರೀ ಪೆನ್ಸಿಲ್. ಮಷಿನ್‌ಗೆ ಕಾಣಿಸಿಕೊಳ್ಳಲು ಮನುಷ್ಯರು ಎಷ್ಟು ಬಾಗಬೇಕು ಅನ್ನೋದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ವರದಿಯನ್ನು ನಾನು ಓದಿಲ್ಲ.

ನಾನು ಯಾವ ಯೋಜನೆಯನ್ನೂ ನಿಲ್ಲಿಸಿ ಅನ್ನುತ್ತಿಲ್ಲ. ಆಹಾರ ಸರಿಯಾದ ಮನೆಗೇ ಹೋಗಬೇಕು, ಅದಕ್ಕೆ ಲೆಕ್ಕ ಬೇಕು. ಆದರೆ ಆ ಒಂಬತ್ತು ಚಿತ್ರಗಳನ್ನು ಆಪ್ ಮಾಡುವವರ ಮೇಜಿನ ಮೇಲೆ ಇಡುವ ದಾರಿಯೊಂದು ಇರಬೇಕು ಅಲ್ವಾ?

ನನ್ನ ಹತ್ತಿರ ಭಾನುವಾರ ಹತ್ತು ಹನ್ನೆರಡು ಮಕ್ಕಳು ಬರುತ್ತಾರೆ. ಪಿಯುಸಿ, ಡಿಗ್ರಿ, ಐಟಿಐ ಓದುವವರು. ಫೀಸ್ ಇಲ್ಲ, ಸಿಲೆಬಸ್ ಇಲ್ಲ. ಮೊದಲ ದಿನ ಕೋಣೆಯ ಕಿಟಕಿಗಳಿಗೆಲ್ಲ ಕರಿ ಕಾಗದ ಬಡಿದು, ಒಂದರಲ್ಲಿ ಪೆನ್ಸಿಲ್ ತೂರುವಷ್ಟು ತೂತು ಮಾಡಿದೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಎದುರು ಗೋಡೆ ಮೇಲೆ ಹೊರಗಿನ ಬೇವಿನಮರ ತಲೆಕೆಳಗಾಗಿ ಮೂಡಿತು, ಬಣ್ಣದ ಸಮೇತ. ಎಲೆ ಅಲ್ಲಾಡುತ್ತಿದ್ದವು. ಒಬ್ಬ ಹುಡುಗ, "ಸರ, ಇದರಾಗ ಬ್ಯಾಟರಿ ಎಲ್ಲೈತ್ರಿ?" ಅಂದ. ಹಂಪಿಯ ವಿರೂಪಾಕ್ಷ ಗುಡಿಯ ಹಿಂಭಾಗದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ಅವರೆಲ್ಲ ನೋಡಿದ್ದರು. ಪವಾಡ ಅಂತ ಕೈ ಮುಗಿದಿದ್ದರು. ಈಗ ಅದನ್ನು ತಾವೇ ಮಾಡಿದ್ದರು. ಕೈ ಮುಗಿಯುವುದು ಅವರವರ ಭಕ್ತಿ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಆದರೆ ಒಂದು ತೂತು, ಒಂದು ಕತ್ತಲೆ ಕೋಣೆ, ಒಂದು ಗೋಡೆ, ಇಷ್ಟೇ ಕ್ಯಾಮೆರಾ ಅಂತ ಕಂಡ ಮೇಲೆ ಜೇಬಿನಲ್ಲಿರುವ ಮೊಬೈಲ್ ಕಡೆ ಅವರು ನೋಡುವ ಕಣ್ಣು ಬೇರೆಯಾಯಿತು. ತೂತು ಎಲ್ಲಿ ಕೊರೆಯಬೇಕು, ಯಾವ ಕಡೆ ಮುಖ ಮಾಡಿ ಕೊರೆಯಬೇಕು ಅಂತ ಯಾರೋ ತೀರ್ಮಾನ ಮಾಡುತ್ತಾರೆ. ಅಲ್ಲಿಂದಲೇ ಪ್ರಶ್ನೆಗಳು ಶುರು.

ಇನ್ನೊಂದು ಭಾನುವಾರ ನಮ್ಮ ಊರಿನ ಹೆಸರಿನ ಹಿಂದೆ ಬಿದ್ದೆವು. ಒಂದು ಸರ್ಟಿಫಿಕೇಟ್‌ನಲ್ಲಿ ಕೊಪ್ಪಳ ಅಂತ ಇರಬೇಕಾದ ಕಡೆ 'ಕೊಪ್‌ಪಳ' ಅಂತ ಅಚ್ಚಾಗಿತ್ತು. ಒತ್ತು ಬಿಟ್ಟುಹೋಗಿ ಅಕ್ಷರ ಎರಡು ಹೋಳು. ಬಳ್ಳಾರಿಗೂ ಅದೇ ಪಾಡು, 'ಬಳ್‌ಳಾರಿ'. ರಾಯಚೂರಿಗೆ ಒತ್ತಕ್ಷರ ಇಲ್ಲದ್ದರಿಂದ ಅದೊಂದು ಬಚಾವ್. ಯಾಕೆ ಹೀಗೆ? ಕಂಪ್ಯೂಟರ್‌ನಲ್ಲಿ ಎಲ್ಲಾ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಪ್ಪ' ಅಂದರೆ ಮೂರು ಸಂಕೇತ: ಒಂದು ಪ, ಒಂದು ಅರ್ಧಾಕ್ಷರದ ಗುರುತು, ಮತ್ತೊಂದು ಪ. ಅವನ್ನು ಕೂಡಿಸಿ ಕೆಳಗೆ ಒತ್ತು ಕೂರಿಸುವ ಕೆಲಸವನ್ನು ಫಾಂಟೂ ಸಾಫ್ಟ್‌ವೇರೂ ಸೇರಿ ಮಾಡಬೇಕು. ಸಾಫ್ಟ್‌ವೇರ್ ಬರೆದವರಿಗೆ ಒತ್ತಕ್ಷರದ ನೆನಪಿರದಿದ್ದರೆ ನಮ್ಮ ಊರು ಒಡೆದು ಹೋಗುತ್ತದೆ. ಫ್ಲೆಕ್ಸ್ ಅಂಗಡಿಯವರು ಇವತ್ತಿಗೂ, ಒತ್ತಿಗೇ ಬೇರೆ ಸಂಕೇತ ಇರುವ ಹಳೆಯ ನುಡಿ ಫಾಂಟ್ ಬಿಡದಿರುವುದಕ್ಕೆ ಇದೂ ಒಂದು ಕಾರಣ. ಅವರು ಹಿಂದುಳಿದವರು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಅಕ್ಷರ ಒಡೆಯಬಾರದು ಅನ್ನುವ ಕಾಳಜಿ ಅವರಿಗಿದೆ.

ಮಕ್ಕಳು ಆ ಒಡೆದ ಹೆಸರನ್ನು ಆರಡಿ ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚಿದರು. ಒತ್ತು ಬೀಳಬೇಕಾದ ಜಾಗದಲ್ಲಿ ಕೆಂಪು ದಾರದಲ್ಲಿ ಹೊಲಿಗೆ ಹಾಕಿದರು. ನೋಡಲು ಬಂದ ಒಬ್ಬ ಹಿರಿಯರು ಸುಮಾರು ಹೊತ್ತು ನಿಂತು, "ನಮ್ಮ ಪಹಣಿಯಾಗೂ ಹೆಸರು ಹಿಂಗ ಆಗಿತ್ತು ನೋಡ್ರಿ, ಸರಿ ಮಾಡ್ಸಾಕ ಎರಡು ವರ್ಷ ತಿರುಗೀನಿ" ಅಂದರು.

2021ರ ಜೂನ್ ನಿಮಗೆ ನೆನಪಿರಬೇಕು. ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಯಾರಾದರೂ ಹುಡುಕಿದರೆ ಗೂಗಲ್ ನಮ್ಮ ಕನ್ನಡದ ಹೆಸರು ತೋರಿಸುತ್ತಿತ್ತು. ನಾಡಿಗೆ ನಾಡೇ ಸಿಟ್ಟಾಯಿತು. ಗೂಗಲ್ ಕ್ಷಮೆ ಕೇಳಿ ಅದನ್ನು ತೆಗೆಯಿತು. ಸಿಟ್ಟು ಬರಲೇಬೇಕಿತ್ತು, ನನಗೂ ಬಂದಿತ್ತು. ಆದರೆ ಆ ಉತ್ತರ ಎಲ್ಲಿಂದ ಬಂತು, ಯಾರೋ ಎಲ್ಲೋ ಬರೆದ ಒಂದು ಸಾಲನ್ನು ಯಂತ್ರ ಹೇಗೆ ಎತ್ತಿ ಉತ್ತರದ ಪೀಠದಲ್ಲಿ ಕೂರಿಸಿತು ಅಂತ ನಮ್ಮ ಯಾವ ತರಗತಿಯಲ್ಲೂ ಪಾಠ ಆಗಲಿಲ್ಲ. ವಾರ ಕಳೆಯಿತು, ಮರೆತೆವು.

ಈಗ ಕಿನ್ನಾಳದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಒಬ್ಬ ಹುಡುಗ ಚಿತ್ರ ಬರೆದುಕೊಡುವ ಎಐ ಆಪ್ ತೋರಿಸಿದ. ಏನು ಕೇಳಿದರೂ ಕೊಡುತ್ತದೆ ಸರ, ಅಂದ. ಕಿನ್ನಾಳದ ಗೊಂಬೆ ಕೇಳು ಅಂದೆ. ಕ್ಷಣದಲ್ಲಿ ಬಂತು. ಗುಂಡು ತಲೆ, ಬಣ್ಣ ಬಣ್ಣದ ಪಟ್ಟೆ, ಗಾಜಿನಂಥ ಹೊಳಪು. ನೋಡಿದರೆ ಚನ್ನಪಟ್ಟಣದ ಗೊಂಬೆಗೂ ಪ್ಲಾಸ್ಟಿಕ್ ಗೊಂಬೆಗೂ ಹುಟ್ಟಿದ ಹಾಗಿತ್ತು. ಮಕ್ಕಳಿಗೆ ತಪ್ಪು ಗೊತ್ತಾಗಲೇ ಇಲ್ಲ. ಹನ್ನೆರಡು ಮಂದಿಯಲ್ಲಿ ಮೂವರು ಮಾತ್ರ ಕಿನ್ನಾಳದ ಗೊಂಬೆಯನ್ನು ಕಣ್ಣಾರೆ ನೋಡಿದ್ದರು. ಕಿನ್ನಾಳ ನಮ್ಮಿಂದ ಹದಿಮೂರು ಕಿಲೋಮೀಟರ್ ಅಷ್ಟೇ.

ಮುಂದಿನ ಭಾನುವಾರ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಚಿತ್ರಗಾರರ ಮನೆಯಲ್ಲಿ ಇಡೀ ದಿನ ಕೂತೆವು. ಹಗುರ ಮರದಲ್ಲಿ ಕೈ, ಕಾಲು, ಮೈ ಬೇರೆ ಬೇರೆ ಕೆತ್ತುತ್ತಾರೆ. ಹುಣಸೆ ಬೀಜದ ಅಂಟಿನಲ್ಲಿ ಕೂಡಿಸುತ್ತಾರೆ. ಸೆಣಬಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಅದೇ ಅಂಟು ಕಲಸಿ ಕಿಟ್ಟ ಮಾಡುತ್ತಾರೆ. ಅದನ್ನು ಮೈಗೆಲ್ಲ ಬಳಿದು ಮೇಲೆ ಹತ್ತಿ ಬಟ್ಟೆಯ ತುಂಡು ಅಂಟಿಸುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ. ಆಭರಣದ ಉಬ್ಬು ಗೆರೆಗಳನ್ನೂ ಆ ಪುಡಿಯ ಪಾಕದಲ್ಲೇ ಎಳೆಯುತ್ತಾರೆ. ಬಣ್ಣ ಬರುವುದು ಎಲ್ಲಾ ಆದ ಮೇಲೆ. ಒಂದು ಹುಡುಗಿ ಬಣ್ಣ ಹಚ್ಚದ ಗೊಂಬೆಯನ್ನು ಕೈಯಲ್ಲಿ ತೆಗೆದುಕೊಂಡು ಬೆಚ್ಚಿದಳು. ಕಣ್ಣಿಗೆ ಕಲ್ಲಿನಂತೆ ಕಾಣುತ್ತಿತ್ತು, ಎತ್ತಿದರೆ ಹೂವಿನಷ್ಟು ಹಗುರ. ಆಪ್ ಕೊಟ್ಟ ಚಿತ್ರದಲ್ಲಿ ಈ ಭಾರವೂ ಇಲ್ಲ, ಹಗುರವೂ ಇಲ್ಲ. ಅದು ಕಂಡ ಫೋಟೋಗಳಲ್ಲಿ ಕಿನ್ನಾಳ ಬಹಳ ಕಡಿಮೆ ಇದ್ದಿರಬೇಕು. ತಾನು ಕಂಡಿದ್ದನ್ನೇ ಅದು ಕಲಸಿ ಕೊಡುತ್ತದೆ.

ಹಾಗಾದರೆ ಎಲ್ಲಾ ಗೊಂಬೆಗಳ ಫೋಟೋ ತೆಗೆದು ಹಾಕಿಬಿಡೋಣ, ಆಗ ಸರಿಯಾಗಿ ಕಲಿಯುತ್ತದೆ ಅಂದ ಆ ಹುಡುಗ. ಕೆಲಸದಿಂದ ತಲೆ ಎತ್ತದೆ ಹಿರಿಯ ಚಿತ್ರಗಾರರೊಬ್ಬರು ಕೇಳಿದರು: "ಅದು ಕಲ್ತ ಮ್ಯಾಲೆ ನಮ್ಮ ಗೊಂಬಿ ಅದಾ ಮಾಡ್ತೈತಿ. ನಮಗೇನು ಬರ್ತೈತ್ರಿ?"

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕಿನ್ನಾಳದ ಕೆಲಸಕ್ಕೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೇರೆ ಕಡೆ ಮಾಡಿದ್ದನ್ನು ಕಿನ್ನಾಳ ಅಂತ ಮಾರದ ಹಾಗೆ ಅದು ಹೆಸರನ್ನು ಕಾಯುತ್ತದೆ. ಆದರೆ ಫೋಟೋಗಳಿಂದ ಯಂತ್ರ ಕಲಿತರೆ ಕಲಿಸಿದವರಿಗೆ ಏನು ಸಲ್ಲಬೇಕು ಅನ್ನೋದು ಇಡೀ ಜಗತ್ತಿನ ಕೋರ್ಟುಗಳಲ್ಲಿ ಜಗಳ ಆಗುತ್ತಿರುವ ಪ್ರಶ್ನೆ. ಅದನ್ನು ಕಿನ್ನಾಳದ ಒಬ್ಬ ಚಿತ್ರಗಾರರು ಒಂದೇ ಸಾಲಿನಲ್ಲಿ ಕೇಳಿದರು. ಇಂಥವರು ನಮ್ಮ ಕಾಲೇಜಿನಲ್ಲಿ ಪಾಠ ಮಾಡಬಾರದಾ? ಎಂ.ಎ. ಇಲ್ಲ, ಉಪನ್ಯಾಸಕರ ನೆಟ್ ಪರೀಕ್ಷೆ ಪಾಸಾಗಿಲ್ಲ ಅಂತ ನಿಯಮ ಅಡ್ಡ ಬರುವುದಾದರೆ ಆ ನಿಯಮದಲ್ಲಿ ಒಂದು ಬಾಗಿಲು ಕೊರೆಯುವ ಅಧಿಕಾರ ನಿಮಗಿದೆ.

ಅದಾದ ಮೇಲೆ ಮಕ್ಕಳು ಒಂದು ಕೆಲಸ ಮಾಡಿದರು. ಮಿಮಿ ಒನುವೋಹಾ ಅನ್ನುವ ಕಲಾವಿದೆ 2016ರಲ್ಲಿ ಒಂದು ಕಬ್ಬಿಣದ ಫೈಲ್ ಕಪಾಟು ಪ್ರದರ್ಶನಕ್ಕಿಟ್ಟಿದ್ದರು. ಒಳಗಿನ ಫೈಲುಗಳ ಮೇಲೆ ಹೆಸರಿದೆ, ಒಳಗೆ ಏನೂ ಇಲ್ಲ. ಯಾರೂ ಲೆಕ್ಕ ಇಡದ ವಿಷಯಗಳ ಕಪಾಟು ಅದು. ನಾವು ಹಳೇ ಕಚೇರಿಗಳಲ್ಲಿ ಇರುತ್ತಿದ್ದ ಹಾಗೆ ಕೆಂಪು ಬಟ್ಟೆಯಲ್ಲಿ ಬಸ್ತಾ ಕಟ್ಟಿದೆವು. ಒಳಗೆ ಖಾಲಿ ಫೈಲುಗಳು. ಮೇಲೆ ಏನು ಬರೆಯಬೇಕು ಅಂತ ಮಕ್ಕಳೇ ಯೋಚಿಸಿದರು. ಹತ್ತಿಗೆ ಔಷಧಿ ಹೊಡೆದು ಕಣ್ಣುರಿ ಬಂದವರು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದವರು. ಒಟಿಪಿ ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋದವರು. ಬೆರಳು ಬರದೆ ವಾಪಸ್ ಹೋದವರು. ಕೊನೆಯದನ್ನು ನಾನೇ ನನ್ನ ಕೈಯಾರೆ ಬರೆದೆ.

ಮೊಬೈಲ್ ಬಿಚ್ಚಿದ ದಿನದ್ದೂ ಹೇಳಬೇಕು. ಬಸ್ ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯ ಹುಡುಗ ನಾಲ್ಕು ಸತ್ತ ಫೋನ್ ಕೊಟ್ಟ. ಬ್ಯಾಟರಿಗೆ ಕೈ ಹಚ್ಚಬ್ಯಾಡ್ರಿ ಸರ, ಬೆಂಕಿ ಹತ್ತತೈತಿ ಅಂತ ತಾನೇ ಬಂದು ಅದನ್ನು ತೆಗೆದುಕೊಟ್ಟ. ಅವತ್ತಿನ ಗುರು ಅವನೇ. ನಡುಗುವ ಮೋಟಾರ್ ಶೇಂಗಾ ಬೀಜದಷ್ಟು ಇತ್ತು, ಒಂದು ಕಡೆಗೆ ಮಾತ್ರ ಭಾರ. ಅದಕ್ಕೇ ಅದು ತಿರುಗಿದರೆ ಫೋನ್ ನಡುಗುತ್ತದೆ. ಮಕ್ಕಳು ಒಂದೊಂದು ಭಾಗವನ್ನೂ ಅಳತೆ ಹಿಡಿದು ಬರೆದರು. ಬರೆಯುತ್ತಾ ಬರೆಯುತ್ತಾ ಪ್ರಶ್ನೆ ಬಂದವು. ಈ ಹಳದಿ ಗೆರೆ ಏನು? ಚಿನ್ನದ ಲೇಪ. ಚಿನ್ನ ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲೂ ತೆಗೆಯುತ್ತಾರೆ. ಬ್ಯಾಟರಿಯ ಕೋಬಾಲ್ಟ್ ಜಾಸ್ತಿ ಬರುವುದು ಆಫ್ರಿಕದ ಕಾಂಗೋದಿಂದ. ಚಾರ್ಜ್ ಮಾಡುವ ಕರೆಂಟ್ ಎಲ್ಲಿಂದ? ರಾಯಚೂರಿನ ಶಕ್ತಿನಗರ, 1720 ಮೆಗಾವ್ಯಾಟ್, ಕಲ್ಲಿದ್ದಲು. ಫೋಟೋ ಕ್ಲೌಡ್‌ನಲ್ಲಿದೆ (ಅಂದರೆ ದೂರದಲ್ಲೆಲ್ಲೋ ಕರೆಂಟ್ ಮೇಲೆ ಓಡುವ ಕಂಪ್ಯೂಟರ್‌ಗಳಲ್ಲಿ) ಅಂದಾಗ ಮೋಡ ನೋಡುತ್ತಿದ್ದ ಮಕ್ಕಳು ಅವತ್ತು ಕಲ್ಲಿದ್ದಲ ಬೂದಿಯ ಹೊಂಡ ನೆನೆಸಿಕೊಂಡರು. 2018ರಲ್ಲಿ ಕೇಟ್ ಕ್ರಾಫರ್ಡ್ ಮತ್ತು ವ್ಲಾದಾನ್ ಯೋಲರ್ ಅಮೆಜಾನ್ ಎಕೋ ಎಂಬ ಮಾತಾಡುವ ಸ್ಪೀಕರ್ ಒಂದನ್ನೇ ಇಟ್ಟುಕೊಂಡು, ಗಣಿಯಿಂದ ಕಸದ ಗುಡ್ಡೆಯವರೆಗೆ ಅದರ ಇಡೀ ಬಾಳನ್ನು ದೊಡ್ಡ ನಕ್ಷೆಯಾಗಿ ಬರೆದರು. ಸಂಡೂರಿನ ಗುಡ್ಡ ನೋಡುತ್ತಾ ಬೆಳೆದ ಮಕ್ಕಳು ಅಂಥ ನಕ್ಷೆಯನ್ನು ಇನ್ನೂ ಚೆನ್ನಾಗಿ ಬರೆದಾರು. ಅವರಿಗೆ ಗಣಿ ಅಂದರೆ ಏನು ಅಂತ ಪುಸ್ತಕದಿಂದ ಹೇಳಬೇಕಿಲ್ಲ, ಕೆಂಪು ಧೂಳು ಅವರ ಅಂಗಿ ಮೇಲೇ ಇದೆ.

ಸಂಡೂರು ಅಂದ ಮೇಲೆ ಇನ್ನೊಂದು ಮಾತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಒಂದೊಂದು ಗಣಿಯ ಗಡಿಯನ್ನೂ ಅಳೆದರು. ಉಪಗ್ರಹದ ಚಿತ್ರಗಳನ್ನೂ ಇಟ್ಟುಕೊಂಡು ನೋಡಿದರು. ಅಕ್ರಮ ಎಷ್ಟು ನಡೆದಿದೆ ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿದರು. ನಮ್ಮ ನೆಲದ ಹಣೆಬರಹವನ್ನು ಒಂದು ಕಾಲಕ್ಕೆ ಚಿತ್ರಗಳೂ ಸೇರಿ ತೀರ್ಮಾನಿಸಿದವು ಅಂತಾಯಿತು. ಅಂಥ ಚಿತ್ರ ಓದಲು ಬರುವವರು ನಮ್ಮ ಜಿಲ್ಲೆಗಳಲ್ಲಿ ಎಷ್ಟು ಮಂದಿ ಇದ್ದಾರೆ? ನರೇಗಾ ಕೆಲಸಕ್ಕೂ ಹಾಗೆಯೇ ಫೋಟೋ ಬಂತು. 2023ರ ಜನವರಿಯಿಂದ ಹಾಜರಿ ಆಪ್ ಕಡ್ಡಾಯವಾಯಿತು, ದಿನಕ್ಕೆ ಎರಡು ಸಲ ಫೋಟೋ. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಈ ಆಪ್ ದುರ್ಬಳಕೆ ಬಗ್ಗೆ ರಾಜ್ಯಗಳಿಗೆ ಬರೆಯಿತು. ಸಂಬಂಧವಿಲ್ಲದ ಫೋಟೋ, ಫೋಟೋದ್ದೇ ಫೋಟೋ. ಒಂದು ಫೋಟೋ ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ ಅನ್ನೋದು ಚಿತ್ರಕಲೆಯ ಬಹಳ ಹಳೆಯ ಪಾಠ. ಅದನ್ನು ಕಲಿತವರು ಆಪ್ ಮಾಡುವ ಕೋಣೆಯಲ್ಲಿ ಇದ್ದಿದ್ದರೆ ಮೊದಲ ದಿನವೇ ಕೇಳುತ್ತಿದ್ದರು.

ನಮ್ಮ ಜಿಲ್ಲೆಗೆ ಪರದೆ ಹೊಸದಲ್ಲ. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ಕೊಪ್ಪಳ ಹಿಗ್ಗಿತು. ತೊಗಲುಗೊಂಬೆ ಆಟದಲ್ಲಿ ಮುಂದೆ ಕೂತವರಿಗೆ ಪರದೆ ಮೇಲೆ ರಾಮ, ರಾವಣ ಕಾಣುತ್ತಾರೆ. ಚಿಕ್ಕವನಿದ್ದಾಗ ಒಂದು ಸಲ ನಾನು ನುಸುಳಿಕೊಂಡು ಪರದೆ ಹಿಂದಕ್ಕೆ ಹೋಗಿದ್ದೆ. ದೀಪದ ಬಿಸಿ. ಬಣ್ಣ ಹಚ್ಚಿದ ತೊಗಲಿನ ವಾಸನೆ. ಒಬ್ಬಾಕೆ ಮಗುವಿಗೆ ಹಾಲು ಕುಡಿಸುತ್ತಲೇ ಸೀತೆಯ ದನಿಯಲ್ಲಿ ಅಳುತ್ತಿದ್ದಳು. ಯಾವ ಗೊಂಬೆ ಮುಂದೆ ಬರಬೇಕು ಅಂತ ಒಬ್ಬ ಮುದುಕ ಬೆರಳಲ್ಲೇ ಸನ್ನೆ ಮಾಡುತ್ತಿದ್ದ. ಆಟ ಕಂಡು ಖುಷಿಪಡುವುದು ನನಗೆ ಅವತ್ತಿನಿಂದ ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಇವತ್ತಿನ ಮಕ್ಕಳು ದಿನವಿಡೀ ಪರದೆ ಮುಂದೆ ಇರುತ್ತಾರೆ. ಯಾವ ರೀಲ್ ಆದ ಮೇಲೆ ಯಾವ ರೀಲ್ ಬರಬೇಕು ಅಂತ ಹಿಂದೆ ಯಾರ ಬೆರಳು ಸನ್ನೆ ಮಾಡುತ್ತಿದೆ? ಅಲ್ಲಿಗೆ ನುಸುಳಿ ಹೋಗಲು ಅವರಿಗೆ ದಾರಿ ಬೇಕು.

ನುಸುಳುವುದು ಅಂದರೆ ಹೀಗೂ ಇರಬಹುದು. 2020ರಲ್ಲಿ ಬರ್ಲಿನ್‌ನಲ್ಲಿ ಸೈಮನ್ ವೆಕರ್ಟ್ ಅನ್ನುವ ಕಲಾವಿದ ಒಂದು ಕೈಗಾಡಿಯಲ್ಲಿ 99 ಫೋನ್ ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳೆದುಕೊಂಡು ನಡೆದ. ಗೂಗಲ್ ಮ್ಯಾಪ್‌ನಲ್ಲಿ ಆ ರಸ್ತೆ ಕೆಂಪಾಯಿತು. ಟ್ರಾಫಿಕ್ ಜಾಮ್ ಅಂತ ತೋರಿಸಿತು. ನಕ್ಷೆ ಅನ್ನೋದು ರಸ್ತೆ ಅಲ್ಲ, ಫೋನುಗಳ ಲೆಕ್ಕ ಅಂತ ಒಂದು ಕೈಗಾಡಿ ಹೇಳಿಬಿಟ್ಟಿತು.

ತಂದೆ ತಾಯಂದಿರು ಕೇಳುವ ಪ್ರಶ್ನೆ ನನಗೆ ಗೊತ್ತು. ಇದನ್ನು ಕಲಿತರೆ ನೌಕರಿ ಸಿಗುತ್ತಾ? ಸುಳ್ಳು ಹೇಳುವುದಿಲ್ಲ, ಎಲ್ಲರಿಗೂ ಸಿಗುತ್ತದೆ ಅಂತ ನಾನು ಮಾತು ಕೊಡಲಾರೆ. ಆದರೆ ಆಪ್‌ನ ಮುಖ ಹೇಗಿರಬೇಕು, ಎಲ್ಲಿ ಒತ್ತಬೇಕು, ಯಾವ ಭಾಷೆಯಲ್ಲಿ ಕೇಳಬೇಕು ಅಂತ ವಿನ್ಯಾಸ ಮಾಡುವವರಿಗೆ ಇವತ್ತು ಕೆಲಸ ಇದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಕಡೆ, ಕೊಪ್ಪಳದ ಆಟಿಕೆ ಕಾರ್ಖಾನೆಯಲ್ಲಿ ಕೈ ಮತ್ತು ಕಂಪ್ಯೂಟರ್ ಎರಡೂ ಬಲ್ಲವರು ಬೇಕು. ಈ ಓದಿಗೆ ನಮ್ಮ ಮಕ್ಕಳು ಬೆಂಗಳೂರಿಗೋ ಅಹಮದಾಬಾದಿಗೋ ಹೋಗಬೇಕು. ಅಲ್ಲಿಯ ಖರ್ಚು ಎಷ್ಟು ಮನೆಗಳಿಗೆ ಆಗುತ್ತದೆ?

ಚಿತ್ರ ಬರೆಯುವವರಿಗೆ ಕೋಡಿಂಗ್ ತಲೆಗೆ ಹತ್ತಲ್ಲ ಅನ್ನುವವರಿಗೂ ಒಂದು ಮಾತು. ಪ್ರೊಸೆಸಿಂಗ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ 2001ರಲ್ಲಿ ಹುಟ್ಟಿದ್ದೇ ಕಲಾವಿದರಿಗಾಗಿ. ಈಗ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಳಸುವ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ 2005ರಲ್ಲಿ ಇಟಲಿಯ ಇವ್ರಿಯಾ ಊರಿನ ವಿನ್ಯಾಸ ಶಾಲೆಯಲ್ಲಿ ಹುಟ್ಟಿತು, ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆಯಲ್ಲಿ ಸಿಗಲಿ ಅಂತ. ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಸ್ಮಾರ್ಟ್ ಬೋರ್ಡ್ ಬಂದಿತ್ತು. ಕೆಟ್ಟರೆ ಯಾರು ಹೊಣೆ ಅಂತ ಅದರ ಪ್ಲಾಸ್ಟಿಕ್ ಹೊದಿಕೆಯನ್ನೇ ತೆಗೆಯಲಿಲ್ಲ. ಎರಡು ವರ್ಷ ಅದರ ಮೇಲೆ ಧೂಳು ಕೂತಿತು. ಅದರ ಬೆಲೆಯ ಒಂದು ಪಾಲು ಸಾಕು ನನ್ನ ಕೋಣೆಗೆ. ಐದಾರು ಹಳೆಯ ಕಂಪ್ಯೂಟರ್. ಬೆಸುಗೆ ಹಾಕುವ ಕಡ್ಡಿ, ಕೆಲವು ಆರ್ಡುಯಿನೋ ಬೋರ್ಡ್. ಮರಗೆಲಸದ ಮೇಜು, ಒಂದು ಹೊಲಿಗೆ ಮಷಿನ್, ಬಣ್ಣ. ಕೆಟ್ಟರೂ ಪರವಾಗಿಲ್ಲ ಅಂತ ಬರೆದುಕೊಟ್ಟ ಒಂದು ಆದೇಶ. ಇದು ಬಹಳ ಮುಖ್ಯ, ಯಾಕಂದರೆ ಬಿಚ್ಚಲು ಹೆದರುವ ಕೋಣೆಯಲ್ಲಿ ಏನೂ ಕಲಿಯಲಾಗದು.

ಕಲಿಸುವವರು ಇಲ್ಲೇ ಇದ್ದಾರೆ. ರಾಯಚೂರಿನಲ್ಲಿ ಐಐಐಟಿ ಎಂಬ ಮಾಹಿತಿ ತಂತ್ರಜ್ಞಾನ ಸಂಸ್ಥೆ ಇದೆ, ಅಲ್ಲಿಯ ಹುಡುಗರು ತಿಂಗಳಿಗೆ ಎರಡು ದಿನ ಬರಲಿ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗ ಇದೆ. ಕಿನ್ನಾಳದ ಚಿತ್ರಗಾರರು, ತೊಗಲುಗೊಂಬೆಯ ಮನೆಯವರು, ಸಂಡೂರಿನ ಲಂಬಾಣಿ ಕಸೂತಿಯ ಹೆಣ್ಣುಮಕ್ಕಳು, ಆ ರಿಪೇರಿ ಅಂಗಡಿಯ ಹುಡುಗ, ಇವರಿಗೆ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಿ. ಸುಮ್ನೆ ಶಾಲು ಹೊದಿಸಿ ಕಳಿಸಬೇಡಿ. ಮೊದಲ ವರ್ಷ ಪದವಿ ಬೇಡ, ಸರ್ಟಿಫಿಕೇಟ್ ಕೋರ್ಸ್ ಸಾಕು. ಪ್ರತಿ ವರ್ಷ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಒಂದು ಸರ್ಕಾರಿ ಆಪ್ ಅಥವಾ ಮಷಿನ್ ತೆಗೆದುಕೊಂಡು, ಅದು ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಅಂತ ಚಿತ್ರ, ಮಾದರಿಗಳ ಸಮೇತ ತೋರಿಸಲಿ. ನೋಡಲು ಆ ಇಲಾಖೆಯವರನ್ನೇ ಕರೆಯಿರಿ. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ದಿನಗಳಲ್ಲೇ ಇಟ್ಟರೆ ಅವ್ವನಂಥವರೂ ನೋಡುತ್ತಾರೆ.

ಸಂವಿಧಾನದ 371(ಜೆ) ವಿಧಿ ಬಂದಿದ್ದು ನಮ್ಮ ಭಾಗದ ಮಕ್ಕಳಿಗೆ ಓದಿನಲ್ಲಿ, ನೌಕರಿಯಲ್ಲಿ ಜಾಗ ಸಿಗಲಿ ಅಂತ. ಯಂತ್ರ ಹೇಗಿರಬೇಕು ಅಂತ ತೀರ್ಮಾನ ಮಾಡುವ ಮೇಜಿನ ಸುತ್ತಲೂ ನಮಗೆ ಜಾಗ ಬೇಕು ಅಂತ ಕೇಳುವುದು ಅದರದ್ದೇ ಮುಂದಿನ ಹೆಜ್ಜೆ ಅಂತ ನಾನು ನಂಬಿದ್ದೇನೆ.

ಉತ್ತರ ಬರೆಯುವ ಮೊದಲು ಒಮ್ಮೆ ಬನ್ನಿ. ಯಾವ ಭಾನುವಾರವಾದರೂ ಸರಿ, ಆದರೆ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ. ಆ ಹೊತ್ತಿಗೆ ಬೇವಿನಮರದ ಮೇಲೆ ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಗೋಡೆಗೆ ಹೋದ ವಾರವಷ್ಟೇ ಸುಣ್ಣ ಹೊಡೆದಿದ್ದೇವೆ. ಒಳಗೆ ಬಂದ ಮೇಲೆ ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು, ಅಲ್ಲಿಯವರೆಗೆ ಕತ್ತಲೆಯಲ್ಲಿ ಕೂರಬೇಕಾಗುತ್ತದೆ. ಕುರ್ಚಿ ಇಲ್ಲ, ಚಾಪೆ ಇದೆ. ನಿಮ್ಮ ಪಕ್ಕ ಅವ್ವನೂ ಕೂತಿರುತ್ತಾಳೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಡ್ರಾಯಿಂಗ್ ಮಾಸ್ತರ,
ಕೊಪ್ಪಳ